ಮುದ್ದಮ್ಮ ಎರೆದ ತಲೆಗಳು

ಗೋಣಿಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಯಾರೇ ಬೆನ್ನು ತಿರುಗಿಸಿ ನಿಂತಿರಲಿ, ತಲೆಯ ಹಿಂಭಾಗ ನೋಡಿಯೇ ಅದು ಯಾವ ಮನೆಯ ಮಗು ಎಂದು ಹೇಳಬಲ್ಲೆ ಎನ್ನುವುದು ಮುದ್ದಮ್ಮನ ಹಳೆಯ ಜಂಬ. ಮಗು ಎಂದರೆ ಈಗ ಮೀಸೆ ತಿರುವುವವರು, ಪಿಕಪ್ ಓಡಿಸುವವರು, ತಾವೇ ಎರಡು ಹೆತ್ತು ಮೈ ತುಂಬಿಕೊಂಡವರು. ಆ ಸುತ್ತಿನಲ್ಲಿ ಇಪ್ಪತ್ತಾರು ವರ್ಷ ಅವಳು ಎಳೆಮಕ್ಕಳಿಗೆ ಎರೆದಿದ್ದಾಳೆ. ಮಗು ಹುಟ್ಟಿದ ಹನ್ನೊಂದನೆಯ ದಿನಕ್ಕೆ ಅವಳಿಗೆ ಕರೆ ಹೋಗುತ್ತಿತ್ತು. ಮೂರು ತಿಂಗಳು ತುಂಬಿ ಕತ್ತು ನಿಲ್ಲುವವರೆಗೆ ಆ ಮಗು ಅವಳದ್ದೇ.

ಬಚ್ಚಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂರುವಳು. ಸೀರೆ ಮೊಣಕಾಲಿಗೆ ಏರಿಸಿ ಎರಡೂ ಕಾಲು ನೀಡಿ, ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿಕೊಳ್ಳುವಳು. ಹಂಡೆಯ ನೀರಿನ ಮೊದಲ ಚೊಂಬು ಅವಳ ಕಾಲಿಗೇ. ಅದು ತಡೆದರೆ ಮಾತ್ರ ಎರಡನೆಯ ಚೊಂಬು ಮಗುವಿಗೆ. ಹಾಗಾಗಿ ಮುದ್ದಮ್ಮನ ಮುಂಗಾಲಿನ ಚರ್ಮ ಇವತ್ತಿಗೂ ಬೇರೆ ಬಣ್ಣದ್ದು. ಬೆನ್ನಿಗೆ, ತೊಡೆಗೆ, ಕಂಕುಳಿಗೆ ನೀರು ಹಾಕಿ ಮುಗಿದ ಮೇಲೆ ಕೊನೆಯ ಕೆಲಸ ತಲೆಯದು. ಎಣ್ಣೆ ಜಿಡ್ಡಿನ ಅಂಗೈಯಲ್ಲಿ ತಲೆಯನ್ನು ಹಿಡಿದು ಹಣೆಯಿಂದ ಹಿಂದಕ್ಕೆ, ಕಿವಿಯಿಂದ ನೆತ್ತಿಗೆ ಮೆಲ್ಲಗೆ ಒತ್ತುವಳು. ಇದಕ್ಕೆ ತಲೆ ತಿದ್ದುವುದು ಎನ್ನುತ್ತಾರೆ. ಮುದ್ದಮ್ಮ ತಿದ್ದಿದ ತಲೆ ದುಂಡಗೆ ತೆಂಗಿನಕಾಯಿಯಂತೆ ಇರುತ್ತದೆ ಎಂದು ಊರು ಹೇಳುತ್ತಿತ್ತು. ಅವಳೂ ಅಲ್ಲ ಎನ್ನುತ್ತಿರಲಿಲ್ಲ.

ಒಂದೇ ಒಂದು ತಲೆ ದುಂಡಗಾಗಲಿಲ್ಲ. ಅದು ಅವಳ ಸ್ವಂತ ಮಗಳು ಕವನಾಳದು.

ಕವನಾ ಹುಟ್ಟಿದ ವರ್ಷ ಆ ಸುತ್ತಿನಲ್ಲಿ ಒಟ್ಟಿಗೆ ಐದು ಮನೆಯಲ್ಲಿ ಬಾಣಂತನ. ಇಪ್ಪತ್ತೆಂಟನೆಯ ದಿನಕ್ಕೇ ಮುದ್ದಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಬಟ್ಟೆ ಬಿಗಿದು, ಊರವರ ಬಚ್ಚಲಿಗೆ ಹೊರಟಳು. ಬಾಣಂತಿಯೊಬ್ಬಳು ಇತರ ಬಾಣಂತಿಯರ ಮಕ್ಕಳಿಗೆ ನೀರು ಹಾಕುವುದು ಯಾರಿಗೂ ವಿಚಿತ್ರವೆನಿಸಲಿಲ್ಲ. ಮನೆಯಲ್ಲಿ ಅತ್ತೆಗೆ ಕಣ್ಣು ಮಂಜು. ತೊಟ್ಟಿಲು ತೂಗುತ್ತಿದ್ದಳೇ ಹೊರತು ಮಗುವನ್ನು ಎತ್ತಿ ಮಗ್ಗುಲು ಬದಲಿಸಲು ಹೆದರುತ್ತಿದ್ದಳು. ಗಂಡ ಬೆಳ್ಳಿಯಪ್ಪ ಎಸ್ಟೇಟಿನಲ್ಲಿ ಮೇಸ್ತ್ರಿ. ಹತ್ತು ಗಂಟೆಗೆ ತಿಂಡಿಗೆಂದು ಮನೆಗೆ ಬರುವನು. ತೊಟ್ಟಿಲು ದಾಟಿ ಒಳಗೆ ಹೋಗಿ ರೊಟ್ಟಿ ತಿನ್ನುವನು, ಮತ್ತೆ ತೊಟ್ಟಿಲು ದಾಟಿ ಹೊರಡುವನು. ಬಾಗಿಲ ಬೆಳಕು ಬರುವ ಕಡೆಗೆ ಮುಖ ಮಾಡಿ ಮಗು ದಿನವಿಡೀ ಬಲಮಗ್ಗುಲಲ್ಲೇ ಮಲಗಿರುತ್ತಿತ್ತು. ಮೂರು ತಿಂಗಳಲ್ಲಿ ತಲೆಯ ಬಲ ಹಿಂಭಾಗ ಅಂಗೈ ಇಟ್ಟು ಒತ್ತಿದಂತೆ ಚಪ್ಪಟೆಯಾಯಿತು. ಮನೆಗೆ ಬಂದ ಮೇಲೆ ಮುದ್ದಮ್ಮ ದಿನಾ ತಿದ್ದಿದಳು. ಅದು ಕೈಗೆ ಬಗ್ಗಲಿಲ್ಲ.

ಆಗ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ. ಹುಡುಗಿ ಚುರುಕಾಗಿಯೇ ಬೆಳೆದಳು, ಪಿಯುಸಿ ಮುಗಿಸಿದಳು. ಹತ್ತೊಂಬತ್ತು ತುಂಬಿದ ವರ್ಷ ಮಾತ್ರ ಅವಳ ಕಿವಿಗೆ ಬೇರೆಯವರಿಗೆ ಕೇಳದ ಮಾತುಗಳು ಕೇಳತೊಡಗಿದವು. ಊಟದಲ್ಲಿ ಏನೋ ಬೆರೆಸಿದ್ದಾರೆ ಎಂದು ತಟ್ಟೆ ದೂಡಿದಳು. ಎಂಟು ತಿಂಗಳು ಕೋಣೆ ಬಿಟ್ಟು ಹೊರಬರಲಿಲ್ಲ. ತಾಯತ, ಪೂಜೆ ಎಲ್ಲ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಕೊಟ್ಟರು. ಮಾತ್ರೆ ನಿಧಾನವಾಗಿ ಹಿಡಿಯಿತು.

ಅಷ್ಟರಲ್ಲಿ ಊರು ತನ್ನದೇ ಕಾರಣ ಕಂಡುಕೊಂಡಿತ್ತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಹೆಂಡತಿ ರಾಮಮ್ಮನ ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಹನ್ನೊಂದನೆಯ ದಿನ ಎಂದಿನಂತೆ ಮುದ್ದಮ್ಮ ಎಣ್ಣೆ ಬಟ್ಟಲು ಹಿಡಿದು ಹೋದರೆ ರಾಮಮ್ಮ ಬಚ್ಚಲ ಬಾಗಿಲಿಗೆ ಅಡ್ಡ ನಿಂತಳು.

“ಬೇಡ ಮುದ್ದಮ್ಮ. ಬೇಜಾರು ಮಾಡ್ಕೋಬೇಡ. ನಿನ್ನ ಮಗಳ ತಲೇನೇ ನಿನ್ನ ಕೈಲಿ ನೆಟ್ಟಗಾಗಲಿಲ್ಲ. ಅದಕ್ಕೇ ಅಲ್ವ ಆ ಹುಡುಗಿ ಹೀಗಾಗಿದ್ದು?”

ಮುದ್ದಮ್ಮ ಬಟ್ಟಲು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಮಾತು ಅವಳಿಗಿಂತ ಮುಂಚೆ ಎಲ್ಲ ಮನೆ ಮುಟ್ಟಿತ್ತು. ಆ ವರ್ಷದಿಂದ ಕರೆಗಳು ನಿಂತವು. ಬೆಳ್ಳಿಯಪ್ಪ ಸಾಯುವವರೆಗೂ ಕುಡಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದ: ಊರ ಮಕ್ಕಳ ತಲೆ ತಿದ್ದೋಕೆ ಹೋಗಿ ಮನೆ ಮಗಳ ತಲೆ ಕೆಡಿಸಿದಳು. ಮಗುವಿನ ಮಗ್ಗುಲು ಬದಲಿಸಲು ಅವನಿಗೂ ಎರಡು ಕೈ ಇದ್ದವೆಂದು ಅವನಿಗಾಗಲಿ ಊರಿಗಾಗಲಿ ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ ಮುದ್ದಮ್ಮನಿಗೂ ಹೊಳೆಯಲಿಲ್ಲ. ಇದು ತನ್ನ ಕೈಯದೇ ತಪ್ಪು ಎಂದು ಅವಳು ಹದಿಮೂರು ವರ್ಷ ನಂಬಿದಳು. ಯಾರ ಹತ್ತಿರವೂ ಕೇಳಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟಾರು ಎಂಬ ಭಯ.

ಮೂಡಿಗೆರೆಯ ಆಸ್ಪತ್ರೆಗೆ ತಿಂಗಳಿಗೊಮ್ಮೆ ಕವನಾಳ ಮಾತ್ರೆಗೆಂದು ತಾಯಿ ಮಗಳು ಹೋಗುವುದು ರೂಢಿ. ಕಳೆದ ವರ್ಷ ಅಲ್ಲಿಗೆ ಕೃತಿಕಾ ಎಂಬ ಎಳೆ ವಯಸ್ಸಿನ ಡಾಕ್ಟರ್ ಬಂದಿದ್ದಳು. ವಸ್ತಾರೆ ಕಡೆಯ ಹುಡುಗಿ. ಅವಳ ಮೇಜಿನ ಮೇಲೆ ಟೈಲರ್ ಟೇಪು, ಪಕ್ಕದಲ್ಲಿ ಎರಡು ಬಾಗಿದ ಉಕ್ಕಿನ ಕೈಗಳಿರುವ ದೊಡ್ಡ ಇಕ್ಕಳದಂಥ ಸಲಕರಣೆ. ಈ ಕಾಯಿಲೆ ಇರುವವರ ತಲೆಯ ಸುತ್ತಳತೆ, ಉದ್ದ, ಅಗಲ ಅಳೆಯುತ್ತಿದ್ದೇವೆ, ನೋವಿಲ್ಲ, ಹತ್ತು ನಿಮಿಷದ ಕೆಲಸ ಎಂದು ಅವಳು ತಿಳಿಸಿ ಹೇಳಿದಳು.

ಮುದ್ದಮ್ಮನಿಗೆ ಒಂದೇ ಯೋಚನೆ. ಊರು ಇಷ್ಟು ದಿನ ಬಾಯಲ್ಲಿ ಆಡಿದ್ದನ್ನು ಇವಳು ಅಂಕಿಯಲ್ಲಿ ಬರೆದು ಮುದ್ರೆ ಒತ್ತುತ್ತಾಳೆ. “ಬೇಡ ಡಾಕ್ಟ್ರಮ್ಮ, ಬಸ್ಸಿಗೆ ಹೊತ್ತಾಯ್ತು” ಎಂದು ಮಗಳ ಕೈ ಹಿಡಿದೆಳೆದಳು. ಕವನಾ ಏಳಲಿಲ್ಲ. ಅವಳಿಗೆ ಈಗ ಮೂವತ್ತಮೂರು. ಕಾಫಿ ಗೋದಾಮಿನಲ್ಲಿ ಬೀಜ ಆರಿಸುವ ಕೆಲಸ. ಕಪ್ಪು, ಒಡಕು, ಹುಳ ತಿಂದದ್ದು ಎಂದು ಬೇರೆ ಮಾಡುವುದರಲ್ಲಿ ಅವಳ ಕಣ್ಣಿಗೆ ಸಾಟಿಯಿಲ್ಲ ಎಂದು ಅಲ್ಲಿನ ಮೇಸ್ತ್ರಿಯೇ ಹೇಳುತ್ತಾನೆ.

“ಕಾಗದ ಕೊಡಿ, ಓದ್ತೀನಿ” ಎಂದು ಕೇಳಿ, ಒಪ್ಪಿಗೆ ಪತ್ರದ ಎರಡು ಪುಟ ಸಾವಕಾಶವಾಗಿ ಓದಿ, ಸಹಿ ಹಾಕಿದಳು. ಆಮೇಲೆ ತಾಯಿಯ ಕಡೆ ತಿರುಗಿ, “ನನ್ನ ತಲೆ ಅಮ್ಮ. ಹೊರಗಿಂದ ನೀನು ನೋಡಿದೀಯ, ಒಳಗಿಂದ ನಾನು ನೋಡಿದೀನಿ. ಅಳೀಲಿ ಬಿಡು” ಎಂದಳು.

ಕೃತಿಕಾ ಹಣೆಯ ಮೇಲಿಂದ ಹಿಂಬದಿಯ ಉಬ್ಬಿನವರೆಗೆ ಟೇಪು ಸುತ್ತಿದಳು, ಬಿಚ್ಚಿ ಮತ್ತೆ ಸುತ್ತಿದಳು. ಒಂದೊಂದನ್ನೂ ಮೂರು ಸಲ ಅಳೆದಳು. ಮುದ್ದಮ್ಮ ಭಯದ ನಡುವೆಯೂ ಆ ಕೈಯನ್ನು ಗಮನಿಸದೆ ಇರಲಿಲ್ಲ. ಹುಡುಗಿ ತಲೆಯನ್ನು ಹಿಡಿಯುವ ರೀತಿ ಚೆನ್ನಾಗಿದೆ, ಬೆರಳು ಅವಸರ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಒಪ್ಪಿಕೊಂಡಳು.

ಅಳತೆ ಮುಗಿದ ಮೇಲೆ ಕೃತಿಕಾ ತನ್ನ ಕಷ್ಟ ಹೇಳಿಕೊಂಡಳು. ಕಾಯಿಲೆ ಇರುವವರನ್ನು ಮಾತ್ರ ಅಳೆದರೆ ಏನೂ ತಿಳಿಯುವುದಿಲ್ಲ, ಅದೇ ಊರಿನ, ಅದೇ ವಯಸ್ಸಿನ, ಕಾಯಿಲೆ ಇಲ್ಲದವರನ್ನೂ ಅಳೆಯಬೇಕು. ಅಂಥವರು ನಲವತ್ತು ಮಂದಿ ಬೇಕು. ಆರು ತಿಂಗಳಿಂದ ಸಿಕ್ಕಿದ್ದು ಮೂರು ಜನ. ತಲೆ ಅಳೆಸಿಕೊಂಡರೆ ಹುಚ್ಚರ ಪಟ್ಟಿಗೆ ಹೆಸರು ಸೇರುತ್ತದೆ ಎಂದು ಎಲ್ಲರೂ ಜಾರಿಕೊಳ್ಳುತ್ತಾರೆ.

ಬಸ್ಸು ಗೋಣಿಬೀಡು ಮುಟ್ಟುವಷ್ಟರಲ್ಲಿ ಮುದ್ದಮ್ಮ ಒಂದು ತೀರ್ಮಾನಕ್ಕೆ ಬಂದಿದ್ದಳು. ಹೇಗೂ ಕವನಾಳ ತಲೆ ಕಾಗದಕ್ಕೆ ಏರಿದೆ. ಇನ್ನು ತಾನು ತಿದ್ದಿದ ದುಂಡು ತಲೆಗಳೂ ಅದರ ಪಕ್ಕಕ್ಕೆ ಏರಲಿ. ತಪ್ಪು ತನ್ನದಾದರೆ ಅದು ನೇರವಾಗಿ ಕಾಣಲಿ. ಹದಿಮೂರು ವರ್ಷ ಒಳಗೇ ಇಟ್ಟುಕೊಂಡು ಸಾಕಾಗಿದೆ.

ಮಾರನೆಯ ದಿನದಿಂದ ಅವಳು ಮನೆ ಮನೆ ಹತ್ತಿದಳು. ಹದಿಮೂರು ವರ್ಷದಿಂದ ತುಳಿಯದ ಮೆಟ್ಟಿಲುಗಳು. ಕೆಲವರು ಕಾಫಿ ಕೊಟ್ಟರು, ಕೆಲವರು ಕೂರು ಎನ್ನಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, ನಮಗೆಂತಕ್ಕೆ ತಲೆ ಅಳತೆ, ನಮಗೇನಾಗಿದೆ? ಏನೂ ಆಗಿಲ್ಲದವರೇ ಬೇಕಂತೆ ಎಂದರೆ ನಂಬರು. ಜೀಪು ರಿಪೇರಿ ಮಾಡುವ ಆಕಿಬ್ ಗ್ಯಾರೇಜಿನಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ, ತನಗೆ ಪುರುಸೊತ್ತಿಲ್ಲ ಎಂದ.

“ಹುಟ್ಟಿದಾಗ ನಿಂಗೆ ಕತ್ತೇ ನಿಲ್ತಿರಲಿಲ್ಲ ಮಾರಾಯ,” ಎಂದಳು ಮುದ್ದಮ್ಮ. “ಮೂರು ತಿಂಗಳು ನಿನ್ನ ತಲೆಗೆ ನನ್ನ ಅಂಗೈಯೇ ಆಧಾರ. ಕಾಫಿ ಹಂಗಾಮಿನಲ್ಲೂ ಒಂದು ದಿನ ಪುರುಸೊತ್ತಿಲ್ಲ ಅಂದಿಲ್ಲ ನಾನು. ಈಗ ಹತ್ತು ನಿಮಿಷ ಆ ತಲೆ ತಗೊಂಡು ಬಾ ಅಂದ್ರೆ ನಿಂಗೆ ಭಾರ ಆಗುತ್ತಾ?”

ಆಕಿಬ್ ತಲೆ ಹೊರಗೆ ತೆಗೆದ. ಅವನ ತಾಯಿ ಶಹರ್ ಬಾನು ಗ್ಯಾರೇಜಿನ ಹಿಂದಿನ ಮನೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆ ಎಂಟು ತಿಂಗಳು ಕವನಾಳಿಗೆ ಊಟ ಸೇರದಿದ್ದಾಗ, ಮುಚ್ಚಿದ ಡಬ್ಬಿಯಲ್ಲಿ ಗಂಜಿ ತಂದು, ಮೊದಲು ತಾನು ಒಂದು ಚಮಚ ಕುಡಿದು ತೋರಿಸಿ ಕೊಡುತ್ತಿದ್ದವಳು ಅವಳು. “ಹೋಗ್ತಾನೆ ಮುದ್ದಕ್ಕ. ಬರೀ ಇವನಲ್ಲ, ಆ ಕಡೆ ಬೀದಿಯಲ್ಲಿ ನೀನು ಎರೆದ ನಾಲ್ವರನ್ನೂ ಕರ್ಕೊಂಡೇ ಬರ್ತಾನೆ” ಎಂದು ಅಲ್ಲಿಂದಲೇ ತೀರ್ಪು ಕೊಟ್ಟಳು.

ಒಂದು ಭಾನುವಾರ ಗೋಣಿಬೀಡಿನ ಸಮುದಾಯ ಭವನದಲ್ಲಿ ಕೃತಿಕಾ ಪರದೆ ಕಟ್ಟಿ ಕೂತಳು. ಒಂಬತ್ತಕ್ಕೆ ಇಬ್ಬರಿದ್ದರು. ಹತ್ತು ಗಂಟೆಗೆ ಬೆಂಚು ಸಾಲಲಿಲ್ಲ. ಕಳಸಕ್ಕೆ ಮದುವೆಯಾಗಿ ಹೋದವಳು ಮೊದಲ ಬಸ್ಸಿಗೇ ಬಂದಿದ್ದಳು. ಪೇಟೆಯ ದಿನಸಿ ಅಂಗಡಿಯವನು ಅರ್ಧ ಬಾಗಿಲು ಎಳೆದು ಬಂದಿದ್ದ. ಮಧ್ಯಾಹ್ನದ ಹೊತ್ತಿಗೆ ನಲವತ್ತೊಂದು ಜನ. ಪರದೆಯ ಹೊರಗೆ ಕವನಾ ಮೇಜು ಹಾಕಿಕೊಂಡು ಒಬ್ಬೊಬ್ಬರಿಗೂ ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದಳು. ತನಗೆ ಅರ್ಥವಾಗಿರುವುದನ್ನು ಬೇರೆಯವರಿಗೆ ಅರ್ಥ ಮಾಡಿಸುವ ಗತ್ತು ಅವಳ ದನಿಯಲ್ಲಿತ್ತು. ಯಾರೋ ಒಬ್ಬ, ಇದರಿಂದ ಹುಚ್ಚು ಅಂಟುತ್ತದಾ ಎಂದು ತಮಾಷೆ ಮಾಡಿದ. ಕವನಾ ಪೆನ್ನು ಮುಂದೆ ಚಾಚಿ, “ಅಂಟೋದಾಗಿದ್ರೆ ಈ ಪೆನ್ನು ನಾನು ಬೆಳಗ್ಗಿಂದ ಹಿಡಿದಿದೀನಿ, ಯೋಚನೆ ಮಾಡಿ ಮುಟ್ಟು” ಎಂದಳು. ಬೆಂಚೆಲ್ಲ ನಕ್ಕಿತು. ಅವನು ನಾಚಿಕೊಂಡು ಸಹಿ ಹಾಕಿದ.

ಒಬ್ಬರ ಅಳತೆ ಇನ್ನೊಬ್ಬರಿಗೆ ಹೇಳುವಂತಿರಲಿಲ್ಲ, ಅವರವರ ಚೀಟಿ ಅವರವರಿಗೆ. ಮುದ್ದಮ್ಮ ಪರದೆಯ ಹೊರಗೆ ಗೋಡೆಗೊರಗಿ ಕೂತು, ಹೊರಬರುವ ಮುಖಗಳನ್ನು ನೋಡುತ್ತಿದ್ದಳು. ಕೊನೆಯವರಲ್ಲಿ ಒಬ್ಬನಾಗಿ ರಾಮಮ್ಮನ ಮಗ ಶಶಿಧರ್ ಹೊರಗೆ ಬಂದ. ಕಾಫಿ ವ್ಯಾಪಾರಿ, ಯಾವಾಗಲೂ ಟೋಪಿ. ಮಂಡಿ ನೋವಿನ ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ರಾಮಮ್ಮ ಆಚೆ ಬದಿಯ ಕುರ್ಚಿಯಲ್ಲಿ ಕೂತಿದ್ದಳು. ಮುದ್ದಮ್ಮನ ಜೊತೆ ಅವಳು ಇನ್ನೂ ಮಾತಾಡಿರಲಿಲ್ಲ.

ಶಶಿಧರ್ ಚೀಟಿ ಆಡಿಸುತ್ತ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಎಂತ ಮುದ್ದಕ್ಕ ಇದು, ನನ್ನ ತಲೆ ವಾರೆಯಂತೆ. ಬಲಗಡೆ ಹಿಂದೆ ಚಪ್ಪಟೆ, ಎಡಕ್ಕೂ ಬಲಕ್ಕೂ ಹದಿನೈದು ಮಿಲಿಮೀಟರು ವ್ಯತ್ಯಾಸ. ಹೆಂಗೆ ತಿದ್ದಿದೆ ನೀನು?”

“ಸುಳ್ಳು. ಬಗ್ಗು” ಎಂದಳು ಮುದ್ದಮ್ಮ.

ಅವನು ಟೋಪಿ ತೆಗೆದು ಅವಳ ಮುಂದೆ ಬಗ್ಗಿದ. ಅವಳ ಕೈ ಮೂವತ್ತೈದು ವರ್ಷದ ಮೇಲೆ ಆ ತಲೆಯ ಮೇಲೆ ಕೂತಿತು. ಕೂದಲ ಅಡಿಯಲ್ಲಿ ಬಲ ಹಿಂಭಾಗ ಸಪಾಟಾಗಿತ್ತು. ಕವನಾಳದಕ್ಕಿಂತ ಹೆಚ್ಚೇ. ಸುಳ್ಳು ಹೇಳಲು ಬಾರದ ಬೆರಳುಗಳು ಅವು. ಇದೇ ತಲೆಯನ್ನು ಅವಳು ತೆಂಗಿನಕಾಯಿ ಎಂದು ಎಷ್ಟು ಮನೆಗಳಲ್ಲಿ ಹೇಳಿಕೊಂಡಿದ್ದಳೋ.

ಸಂಜೆ ಜನ ಕರಗಿದ ಮೇಲೆ ಅವಳು ಪರದೆಯ ಒಳಗೆ ಹೋದಳು. ಕೃತಿಕಾ ಆ ಉಕ್ಕಿನ ಇಕ್ಕಳವನ್ನು ಸ್ಪಿರಿಟ್ಟಿನಲ್ಲಿ ಒರೆಸುತ್ತಿದ್ದಳು. ಮುದ್ದಮ್ಮ ನಿಂತೇ ಕೇಳಿದಳು.

“ಡಾಕ್ಟ್ರಮ್ಮ, ನನ್ನ ಮಗಳಿಗೆ ಹೀಗಾಗಿದ್ದು ನನ್ನ ಕೈಯಿಂದಲಾ?”

ಕೃತಿಕಾ ಕೆಲಸ ನಿಲ್ಲಿಸಿದಳು. ಅಷ್ಟು ಮಂದಿಯನ್ನು ಮುದ್ದಮ್ಮ ಏಕೆ ಕರೆತಂದಳೆಂದು ಅವಳಿಗೆ ಈಗ ಅರ್ಥವಾಯಿತು. ಕುರ್ಚಿ ಎಳೆದು ಕೂರಿಸಿ, ನಿಧಾನವಾಗಿ ಹೇಳಿದಳು. ಮಗು ಒಂದೇ ಮಗ್ಗುಲಲ್ಲಿ ಮಲಗಿದರೆ ತಲೆಬುರುಡೆ ಚಪ್ಪಟೆಯಾಗುತ್ತದೆ, ಅದರಿಂದ ಈ ಕಾಯಿಲೆ ಬರುವುದಿಲ್ಲ. ತಾವು ಹುಡುಕುತ್ತಿರುವುದೇ ಬೇರೆ. ಮಗು ಗರ್ಭದಲ್ಲಿ ಇರುವಾಗ ಮಿದುಳು ಬೆಳೆದ ಬಗೆಯ ಗುರುತು ತಲೆಯ ಅಳತೆಯಲ್ಲಿ ಎಲ್ಲಾದರೂ ಉಳಿದಿದೆಯಾ ಎಂದು ನೋಡುತ್ತಿದ್ದಾರೆ. ನೂರಾರು ಜನರನ್ನು ಅಳೆದು ಸರಾಸರಿ ತೆಗೆದಾಗ ಕೆಲವು ಡಾಕ್ಟರುಗಳಿಗೆ ಕೂದಲೆಳೆಯಷ್ಟು ವ್ಯತ್ಯಾಸ ಕಂಡಿದೆ, ಕೆಲವರಿಗೆ ಕಂಡಿಲ್ಲ. ಒಬ್ಬರ ತಲೆ ಮುಟ್ಟಿ ಕಾಯಿಲೆ ಇದೆ, ಇಲ್ಲ ಎಂದು ಯಾವ ಡಾಕ್ಟರೂ ಹೇಳಲಾರರು.

“ನಿಮ್ಮ ಕೈ ಏನೂ ಕೆಡಿಸಿಲ್ಲ ಅಮ್ಮ.”

ಮುದ್ದಮ್ಮನ ತಲೆ ಚುರುಕು. “ಹಾಗಾದ್ರೆ ನನ್ನ ಕೈ ಏನೂ ತಿದ್ದಿಲ್ಲ ಕೂಡ” ಎಂದಳು.

ಡಾಕ್ಟರಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ತಲೆ ತಾನಾಗಿಯೇ ಬೆಳೆಯುತ್ತದೆ, ಕೈಯಿಂದ ಒತ್ತಿದರೆ ಆಕಾರ ಬರುವುದಿಲ್ಲ, ಒತ್ತದೇ ಇರುವುದೇ ಒಳ್ಳೆಯದು ಎಂದಳು.

ಪರದೆಯ ಹೊರಗೆ ಯಾರೋ ಕೆಮ್ಮಿದರು. ಮಗ ಕಾರು ತರಲಿ ಎಂದು ಕಾಯುತ್ತಿದ್ದ ರಾಮಮ್ಮ. ಎಲ್ಲ ಕೇಳಿಸಿಕೊಂಡಿದ್ದಳು. ಕೋಲೂರಿ ಬಂದು ಪರದೆ ಸರಿಸಿದಳು. ಮಾತು ಡಾಕ್ಟರಿಗೆ ಎಂಬಂತೆ ಶುರುವಾಯಿತು. ಶಶಿ ಹುಟ್ಟಿದಾಗ ಎಸ್ಟೇಟಿನ ಕುಯ್ಲು, ಮನೆಯಲ್ಲಿ ಎರಡು ಹೊತ್ತು ಹದಿನೆಂಟು ಆಳುಗಳ ಅಡಿಗೆ. ಮಗುವನ್ನು ಒಂದು ಮಗ್ಗುಲಿಗೆ ಹಾಕಿ ಒಲೆ ಮುಂದೆ ಕೂತರೆ ಏಳುವುದು ಮಧ್ಯಾಹ್ನ. ಮುದ್ದಮ್ಮ ಎರೆದು ಮುಗಿಸಿ ಹೋದ ಮೇಲೆ ತಲೆ ಚಪ್ಪಟೆಯಾದದ್ದು ಅವಳಿಗೆ ಆಗಲೇ ಗೊತ್ತಿತ್ತು. ಅದಕ್ಕೇ ಅಂಗನವಾಡಿಗೆ ಹೋಗುವಾಗಿನಿಂದ ಟೋಪಿ ಹಾಕಿಸಿದ್ದು.

ಆಮೇಲೆ ಮುದ್ದಮ್ಮನ ಕಡೆ ತಿರುಗಿದಳು. “ನನ್ನ ಮಗನಿಗೂ ಎಲ್ಲಿ ಹಾಗಾಗುತ್ತೋ ಅಂತ ಹೆದರಿ ಸತ್ತಿದೀನಿ ಕಣೇ. ಆ ಹೆದರಿಕೆಗೇ, ತಪ್ಪು ನನ್ನದಲ್ಲ ಅನ್ಕೊಳ್ಳೋಕೆ, ನಿನ್ನ ಹೆಸರು ಹೇಳ್ದೆ.”

“ನೀವು ಹೇಳಿದ್ದಕ್ಕೆ ನನ್ನ ಹದಿಮೂರು ವರ್ಷ ಹೋಯ್ತು ರಾಮಮ್ಮಾರೇ” ಎಂದಳು ಮುದ್ದಮ್ಮ. ಸಿಟ್ಟಿನಲ್ಲಿ ಹೇಳಲಿಲ್ಲ, ಮೆತ್ತಗೂ ಹೇಳಲಿಲ್ಲ. ಪರವಾಗಿಲ್ಲ ಎಂಬ ಮಾತು ನಾಲಿಗೆಗೆ ಬಂದಿತ್ತು. ಬರುವುದು ಅಭ್ಯಾಸ. ಅದನ್ನು ಅವಳು ನುಂಗಿದಳು.

ಆ ರಾತ್ರಿಯ ಊಟಕ್ಕೆ ಕವನಾಳೇ ಅಕ್ಕಿರೊಟ್ಟಿ ತಟ್ಟಿದಳು. ತಾಯಿ ಸಪ್ಪಗಿರುವುದು ಕಂಡು, ಇನ್ನೂ ಎಂತದು, ತಪ್ಪು ನಿನ್ನದಲ್ಲ ಅಂತ ಆಯ್ತಲ್ಲ ಎಂದು ಕೇಳಿದಳು. ಮುನ್ನೂರು ಮಕ್ಕಳ ತಲೆ ದುಂಡಗೆ ಮಾಡಿದ್ದು ನಾನು ಅಂದುಕೊಂಡಿದ್ದೆ, ಅದೂ ಹೋಯಿತಲ್ಲ ಎಂದಳು ಮುದ್ದಮ್ಮ.

“ಒಂದೇ ಗಿಡದಲ್ಲಿ ಚಪ್ಪಟೆ ಬೀಜಾನೂ ಬರುತ್ತೆ, ಗುಂಡು ಬೀಜಾನೂ ಬರುತ್ತೆ. ನಾನು ದಿನಾ ಆರಿಸ್ತೀನಿ,” ಎಂದಳು ಕವನಾ. “ನಿನ್ನ ಕಾಲ ಮೇಲಿಂದ ಒಂದು ಮಗು ಜಾರಿ ಬಿದ್ದಿದ್ಯಾ?”

“ಇಲ್ಲ.”

“ಒಂದಕ್ಕೆ ನೀರು ಸುಟ್ಟಿದ್ಯಾ?”

ಮುದ್ದಮ್ಮ ತನ್ನ ಮುಂಗಾಲು ನೋಡಿಕೊಂಡಳು. ಸುಟ್ಟದ್ದೆಲ್ಲ ಅಲ್ಲಿತ್ತು. ಕಣ್ಣು ಹಳದಿಯಾದ ಎಷ್ಟು ಮಕ್ಕಳನ್ನು ಮೊದಲು ಗುರುತಿಸಿ ಆಸ್ಪತ್ರೆಗೆ ಓಡಿಸಿದ್ದು ತಾನು, ಹಾಲು ಕಟ್ಟಿ ಅಳುತ್ತಿದ್ದ ಎಷ್ಟು ಬಾಣಂತಿಯರ ಎದೆಗೆ ಶಾಖ ಕೊಟ್ಟದ್ದು ತಾನು ಎಂಬುದು ಒಂದೊಂದಾಗಿ ನೆನಪಿಗೆ ಬಂತು. ಅದನ್ನು ಅಳೆಯುವ ಟೇಪು ಡಾಕ್ಟರಮ್ಮನ ಹತ್ತಿರವೂ ಇರಲಿಲ್ಲ. ಆದರೆ ಇವತ್ತು ಬೆಂಚು ಸಾಲದಷ್ಟು ತಲೆಗಳು ಬಂದದ್ದು ದುಂಡಗಿರುವುದಕ್ಕಲ್ಲ, ಅವಳು ಕರೆದದ್ದಕ್ಕೆ. ರೊಟ್ಟಿಗೆ ಇನ್ನೊಂದು ಚಮಚ ಚಟ್ನಿ ಹಾಕಿಸಿಕೊಂಡಳು.

ಎರಡು ತಿಂಗಳಿಗೆ ಆಕಿಬ್‌ನ ಹೆಂಡತಿ ಹೆಣ್ಣು ಹೆತ್ತಳು. ಹನ್ನೊಂದನೆಯ ದಿನ ಆಕಿಬ್ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದ. ಅಮ್ಮ ಕರೀತಿದಾರೆ, ಎರೆಯೋಕೆ ಎಂದ. ಮುದ್ದಮ್ಮ ಎಣ್ಣೆ ಬಟ್ಟಲು ತೊಳೆದು ಒರೆಸಿ ಇಟ್ಟೇ ಇದ್ದಳು. ಆದರೆ ಜೀಪು ಹತ್ತುವ ಮೊದಲು ತನ್ನದೊಂದು ಕರಾರು ಇದೆ ಎಂದಳು.

“ತಲೆ ಒತ್ತಲ್ಲ ನಾನು. ಆಕಾರ ಅದಕ್ಕೆ ಬಂದ ಹಾಗೆ ಬರಲಿ. ಎರೆಯೋವಾಗ ನೀನು ನನ್ನ ಪಕ್ಕ ಕೂತ್ಕೋಬೇಕು, ಕಲೀಬೇಕು. ಆಮೇಲೆ ಹಗಲೆಲ್ಲ ಅವಳ ಮಗ್ಗುಲು ಬದಲಿಸೋ ಕೆಲಸ ನಿಂದು. ನಿನ್ನ ಹೆಂಡತಿದಲ್ಲ, ನಿಮ್ಮಮ್ಮಂದಲ್ಲ.”

“ಗ್ಯಾರೇಜು ಯಾರು ನೋಡೋದು ಮುದ್ದಕ್ಕ?”

“ಗ್ಯಾರೇಜು ಮನೆ ಮುಂದೇನೇ ಇದೆ.”

ಶಹರ್ ಬಾನುವಿನ ಬಚ್ಚಲಿನಲ್ಲಿ ಮುದ್ದಮ್ಮ ಮಣೆ ಎಳೆದು ಕಾಲು ನೀಡಿದಳು. ಮೊದಲ ಚೊಂಬು ತನ್ನ ಕಾಲಿಗೆ ಸುರಿದುಕೊಂಡಳು. ಪಕ್ಕದಲ್ಲಿ ಆಕಿಬ್ ಲುಂಗಿ ಎತ್ತಿ ಕಟ್ಟಿ, ಗ್ರೀಸು ಉಜ್ಜಿ ಉಜ್ಜಿ ತೊಳೆದ ಕೈಗಳನ್ನು ಮುಂದಕ್ಕೆ ಚಾಚಿ ಕೂತಿದ್ದ. ಬೆರಳುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗಲ್ಲ, ಬೆರಳು ಅಗಲಿಸು, ಕತ್ತಿನ ಕೆಳಗೆ, ಹಾಂ, ಅವಸರ ಬೇಡ ಎಂದು ಮುದ್ದಮ್ಮ ಅವನ ಅಂಗೈಗೆ ಆ ಪುಟ್ಟ ತಲೆಯನ್ನು ಇಟ್ಟಳು.